ಇಲ್ಲಿ ಮೌನ, ಅಲ್ಲಿ ಗಾನ

ಎಳ್ಳ ಅಮಾವಾಸ್ಯೆಯ ದಿನ ಯಲಬುರ್ಗಾ, ಕುಷ್ಟಗಿ ಸೀಮೆಯ ರೈತರು ಮನೆಮಂದಿಯನ್ನೆಲ್ಲ ಕರೆದುಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಎರೆ ಹೊಲದಲ್ಲಿ ಆಗ ಬಿಳಿಜೋಳ ತೆನೆ ಕಟ್ಟುತ್ತಿರುತ್ತದೆ, ಕಡಲೆ ಹೂವಾಡಿರುತ್ತದೆ. ಭೂಮಿತಾಯಿಗೆಂದು ಚೆಲ್ಲಿದ ಅನ್ನದ ಪಾಲು ಹಕ್ಕಿಗಳಿಗೂ ಸಲ್ಲುತ್ತದೆ. ಹೀಗೆ ಉಂಡು ಹೋಗುವ ಹಕ್ಕಿಗಳಲ್ಲಿ ಎಲ್ಲವೂ ಈ ನೆಲದವಲ್ಲ. ಜೋಳದ ಮೇಲೆ ಹಿಂಡುಹಿಂಡಾಗಿ ಇಳಿಯುವ ಗುಲಾಬಿ ಕಬ್ಬಕ್ಕಿ ಕಜಾಕಿಸ್ತಾನದ ಕಡೆಯದು. ಅದರ ಜತೆಗೇ ಕಾಳು ಮುಕ್ಕುವ ಕರಿತಲೆ ಬಂಟಿಂಗ್ ಟರ್ಕಿ, ಇರಾನುಗಳ ಕಡೆಯಿಂದ ಬಂದದ್ದು. ಬೇಲಿಯ ಜಾಲಿಯೊಳಗೆ ಕಾಣಿಸದಂತೆ ಕುಳಿತು 'ಚೆಕ್, ಚೆಕ್' ಎನ್ನುವ ಕಂದುಬಣ್ಣದ ಉಲಿಯಕ್ಕಿಯಂತೂ ರಷ್ಯಾ, ಫಿನ್ಲೆಂಡ್‌ಗಳ ಪೊದೆಗಳಲ್ಲಿ ಮರಿ ಮಾಡುವ ಜಾತಿ.

ಈ ಪರದೇಶಿ ಅತಿಥಿಗಳ ವಿಷಯದಲ್ಲಿ ಒಂದು ಸಂಗತಿಯನ್ನು ನಮ್ಮವರು ಅಷ್ಟಾಗಿ ಗಮನಿಸಿಲ್ಲ. ಅವುಗಳಲ್ಲಿ ಬಹುಪಾಲು ಹಕ್ಕಿಗಳು ನಮ್ಮಲ್ಲಿ ಹಾಡುವುದಿಲ್ಲ. ಐದಾರು ತಿಂಗಳು ಇದ್ದು, ತಿಂದು, ಕೊಬ್ಬು ಕೂಡಿಸಿಕೊಂಡು, ಗರಿ ಬದಲಿಸಿಕೊಂಡು, ಬೇಸಿಗೆ ಹೊತ್ತಿಗೆ ಹೊರಟುಬಿಡುತ್ತವೆ. ಅವುಗಳ ಹಾಡು ಕೇಳಬೇಕೆಂದರೆ ಅವುಗಳ ಹಿಂದೆಯೇ ಹೋಗಬೇಕು. ಕೊಪ್ಪಳದ ಕವಿಯಾಗಲಿ ಗಾಯಕನಾಗಲಿ ಈ ಹಕ್ಕಿಗಳನ್ನು ಕೊಂಡಾಡದೆ ಇದ್ದುದಕ್ಕೆ ಇದೂ ಒಂದು ಕಾರಣವಿರಬಹುದು.

ಶಾಲೆಯ ಮಕ್ಕಳ ಸಂಗೀತ ಪ್ರವಾಸ ಮತ್ತು ಪಕ್ಷಿವೀಕ್ಷಣೆ, ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಈ ಎರಡು ಹವ್ಯಾಸಗಳು ಕೂಡುವುದು ಇಲ್ಲಿಯೇ.

ಹಾಡುತ್ತ ಊರೂರು

ಯೂರೋಪು, ಅಮೆರಿಕಗಳ ಶಾಲೆಗಳಲ್ಲಿ ವೃಂದಗಾನದ ತಂಡವೋ ವಾದ್ಯವೃಂದವೋ ಇರುವುದು ಸಾಮಾನ್ಯ. ರಜೆ ಬಂದಾಗ ಈ ತಂಡಗಳು ಅಧ್ಯಾಪಕರೊಂದಿಗೆ ಪರದೇಶಕ್ಕೆ ಹೋಗಿ ಚರ್ಚುಗಳಲ್ಲಿ, ಪುರಭವನಗಳಲ್ಲಿ, ಉತ್ಸವಗಳಲ್ಲಿ ಹಾಡಿ ಬರುವ ಪದ್ಧತಿಯಿದೆ. ವೇಲ್ಸ್ ದೇಶದ ಲ್ಯಾಂಗೊಲೆನ್ ಎಂಬ ಪುಟ್ಟ ಊರಿನಲ್ಲಿ ಎರಡನೆಯ ಮಹಾಯುದ್ಧ ಮುಗಿದ ಬೆನ್ನಿಗೇ, 1947ರಲ್ಲಿ, ಆರಂಭವಾದ ಅಂತರರಾಷ್ಟ್ರೀಯ ಸಂಗೀತೋತ್ಸವ ಇಂಥ ಪ್ರವಾಸಗಳಿಗೆ ಪ್ರಸಿದ್ಧ ನೆಲೆ. ಯುದ್ಧದಲ್ಲಿ ಬಡಿದಾಡಿದ ದೇಶಗಳ ಜನ ಒಂದೇ ವೇದಿಕೆಯಲ್ಲಿ ಹಾಡಲಿ ಎಂಬುದು ಅದರ ಹಿಂದಿದ್ದ ಆಶಯ. ಆ ದೇಶಗಳಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳ ಮಕ್ಕಳೂ ಇಂದು ಇಂಥ ಶಾಲಾ ತಂಡಗಳಲ್ಲಿ ದನಿಗೂಡಿಸುತ್ತಿದ್ದಾರೆ.

ಸಂಗೀತಶಾಲೆಯೇ ಊರಿಂದೂರಿಗೆ ಸಾಗುವುದು ಕನ್ನಡನಾಡಿಗೆ ಹೊಸದೇನಲ್ಲ. ಕೊಪ್ಪಳಕ್ಕೆ ನೆರೆಯದಾದ ಗದುಗಿನ ವೀರೇಶ್ವರ ಪುಣ್ಯಾಶ್ರಮದ ಮೂಲವೇ ಒಂದು ಸಂಚಾರಿ ಸಂಗೀತ ಪಾಠಶಾಲೆ. ಹುಟ್ಟುಕುರುಡರಾಗಿದ್ದ ಪಂಚಾಕ್ಷರಿ ಗವಾಯಿಗಳು (1892-1944) ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯದಲ್ಲಿ ಬೆಳೆದು, ಅಂಧರನ್ನೂ ಅನಾಥರನ್ನೂ ಜತೆಗೆ ಕಟ್ಟಿಕೊಂಡು ಊರೂರು ಸಂಚರಿಸುತ್ತಲೇ ಪಾಠ ಹೇಳಿದರು. ಮುಂದೆ ಆ ಶಾಲೆ ಗದುಗಿನಲ್ಲಿ ನೆಲೆನಿಂತಿತು. ಅಲ್ಲಿಂದ ಬಂದ ಪುಟ್ಟರಾಜ ಗವಾಯಿ, ಬಸವರಾಜ ರಾಜಗುರು ಅವರ ಹೆಸರು ಕೇಳದವರಿಲ್ಲ. ಕಣ್ಣಿಲ್ಲದವರಿಗೆ ಕಿವಿಯೇ ಲೋಕವನ್ನು ಕಟ್ಟಿಕೊಡಬಲ್ಲುದು ಎಂಬುದನ್ನು ಈ ಭಾಗದ ಜನಕ್ಕೆ ಹೊರಗಿನವರು ಬಂದು ಹೇಳಬೇಕಾಗಿಲ್ಲ.

ಪಕ್ಷಿಗಳ ಮಟ್ಟಿಗೂ ಈ ಮಾತು ನಿಜ. 'ಪಕ್ಷಿವೀಕ್ಷಣೆ' ಎಂಬ ಪದದಲ್ಲಿ ಕಣ್ಣಿಗೆ ಮಾತ್ರ ಜಾಗವಿದೆ. ಆದರೆ ದಟ್ಟ ಪೊದೆ, ಕಾಡುಗಳಲ್ಲಿ ಹಕ್ಕಿಗಳನ್ನು ಎಣಿಸುವ ತಜ್ಞರು ಕಾಣುವುದಕ್ಕಿಂತ ಕೇಳುವುದೇ ಹೆಚ್ಚು. ಬಣ್ಣದಲ್ಲಿ ಒಂದನ್ನೊಂದು ಹೋಲುವ ಎಷ್ಟೋ ಉಲಿಯಕ್ಕಿಗಳನ್ನು ನಿಸ್ಸಂದೇಹವಾಗಿ ಬೇರ್ಪಡಿಸುವುದು ಅವುಗಳ ದನಿ. ಶ್ರುತಿ, ಲಯ, ಸ್ವರಗಳ ಅಂತರ ಇವನ್ನು ದಿನವೂ ಅಭ್ಯಾಸ ಮಾಡುವ ವಿದ್ಯಾರ್ಥಿಗೆ ಪಕ್ಷಿಶಾಸ್ತ್ರದ ಅರ್ಧ ಪಾಠ ಆಗಲೇ ಆಗಿರುತ್ತದೆ. ಯೂರೋಪಿನ ಕುಕ್ಕೂ ಹಕ್ಕಿ ಎರಡೇ ಸ್ವರದಲ್ಲಿ ಕೂಗುತ್ತದೆ. ಗಾಂಧಾರದಿಂದ ಷಡ್ಜಕ್ಕೆ ಇಳಿದಂತಿರುವ ಆ ಕೂಗಿನಲ್ಲಿ ಗಾಂಧಾರ ಕೋಮಲವೋ ಶುದ್ಧವೋ ಎಂದು ಗುರುತಿಸಲು ಸಂಗೀತದ ಹುಡುಗನಿಗೆ ಅರೆಕ್ಷಣ ಸಾಕು. ನಮ್ಮ ಪೂರ್ವಿಕರೂ ಈ ದಿಕ್ಕಿನಲ್ಲಿ ಯೋಚಿಸಿದ್ದರು. ನಾರದೀಯ ಶಿಕ್ಷೆಯಲ್ಲಿ ನವಿಲಿಗೆ ಷಡ್ಜವನ್ನೂ ಕ್ರೌಂಚಕ್ಕೆ ಮಧ್ಯಮವನ್ನೂ ಕೋಗಿಲೆಗೆ ಪಂಚಮವನ್ನೂ ಹೇಳಿರುವುದು ಪ್ರಸಿದ್ಧ.

ಏಕೆ ಈ ಮೌನ?

ಚಳಿಗಾಲದ ಅತಿಥಿಗಳು ನಮ್ಮಲ್ಲಿ ಏಕೆ ಹಾಡುವುದಿಲ್ಲ ಎಂಬ ಪ್ರಶ್ನೆಗೆ ಉತ್ತರ ಆಕಾಶದಲ್ಲಿದೆ ಎನ್ನಬಹುದು. ಹಕ್ಕಿಯ ಕೂಗು ಬೇರೆ, ಹಾಡು ಬೇರೆ. ಅಪಾಯವನ್ನು ತಿಳಿಸುವ, ಜತೆಗಾರರನ್ನು ಕರೆಯುವ ಚುಟುಕು ದನಿಗಳು ವರ್ಷವಿಡೀ ಇರುತ್ತವೆ. ಹಾಡು ಮಾತ್ರ ಬಹುತೇಕ ಜಾತಿಗಳಲ್ಲಿ ಸಂತಾನಕಾಲಕ್ಕೆ ಸೇರಿದ್ದು. ಈ ಜಾಗ ನನ್ನದೆಂದು ಎದುರಾಳಿಗೆ ಸಾರುವುದಕ್ಕೆ, ಸಂಗಾತಿಯನ್ನು ಸೆಳೆಯುವುದಕ್ಕೆ ಗಂಡುಹಕ್ಕಿ ಹಾಡುತ್ತದೆ. ಗೂಡು ಕಟ್ಟುವ ಊರು ಬೇರೆ ಇರುವಾಗ ಪರಸ್ಥಳದಲ್ಲಿ ಗಂಟಲು ಸವೆಸಿ ಪ್ರಯೋಜನವಿಲ್ಲ. ಹಾಡಿದರೆ ಗಿಡುಗನ ಕಣ್ಣಿಗೆ ಬೀಳುವ ಭಯ ಬೇರೆ.

ಹಾಡುವ ಕಾಲ ಬಂತೆಂದು ಹಕ್ಕಿಗೆ ತಿಳಿಸುವುದು ಹಗಲಿನ ಉದ್ದ. ಕೊಪ್ಪಳ ಇರುವುದು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಇಲ್ಲಿ ಡಿಸೆಂಬರಿನ ಹಗಲು 11 ಗಂಟೆಗಿಂತ ಸ್ವಲ್ಪ ಹೆಚ್ಚು, ಜೂನ್ ತಿಂಗಳಲ್ಲಿ ಸುಮಾರು 13 ಗಂಟೆ. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಜೂನ್ ತಿಂಗಳ ಹಗಲು ಹತ್ತಿರ ಹತ್ತಿರ 19 ಗಂಟೆ. ಹಗಲು ಹಿಗ್ಗಿದಂತೆ ಹಕ್ಕಿಯ ದೇಹದಲ್ಲಿ ಹಾರ್ಮೋನುಗಳು ಏರುತ್ತವೆ. ಅವುಗಳ ಪ್ರಭಾವ ಮಿದುಳಿನವರೆಗೂ ಮುಟ್ಟುತ್ತದೆ. ಅಮೆರಿಕದ ವಿಜ್ಞಾನಿ ಫರ್ನಾಂಡೊ ನೊಟೆಬೊಮ್ 1981ರಲ್ಲಿ ಕ್ಯಾನರಿ ಹಕ್ಕಿಗಳ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಹಾಡನ್ನು ನಿಯಂತ್ರಿಸುವ ಮಿದುಳಿನ ಒಂದು ಭಾಗ ವಸಂತದಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಗಿ, ಹಾಡುಗಾಲ ಮುಗಿದ ಮೇಲೆ ಮತ್ತೆ ಕುಗ್ಗುತ್ತದೆ ಎಂಬುದು ಅವರು ಕಂಡುಕೊಂಡ ಸಂಗತಿ. ಬೆಳೆದ ಪ್ರಾಣಿಯ ಮಿದುಳು ಬದಲಾಗುವುದಿಲ್ಲ ಎಂಬ ಆವರೆಗಿನ ನಂಬಿಕೆಯನ್ನು ಈ ಸಂಶೋಧನೆ ಅಲುಗಿಸಿತು. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ನಮ್ಮ ಹೊಲದಲ್ಲಿರುವ ಅತಿಥಿಯ ತಂಬೂರಿ ಗವಸಿನೊಳಗಿದೆ ಎಂದು ತಿಳಿಯಬೇಕು.

ಅಪವಾದಗಳೂ ಇವೆ. ಗುಲಾಬಿ ಕಬ್ಬಕ್ಕಿಗಳು ಸಂಜೆ ಮರಕ್ಕೆ ಸೇರುವಾಗ ಸಂತೆಯಷ್ಟೇ ಗದ್ದಲ ಮಾಡುತ್ತವೆ. ಇನ್ನು ಕೆಲವು ಹಕ್ಕಿಗಳು ಹೊರಡುವ ಮುನ್ನ, ಮಾರ್ಚ್-ಏಪ್ರಿಲ್ ಹೊತ್ತಿಗೆ, ಬಾಯಿ ಬಿಟ್ಟೂ ಬಿಡದಂತೆ ಮೆಲ್ಲಗೆ ಗುನುಗತೊಡಗುತ್ತವೆ. ಕಛೇರಿಗೆ ಮುಂಚೆ ಗಾಯಕ ಮನೆಯಲ್ಲಿ ಮಾಡುವ ರಿಯಾಜಿನಂತೆಯೇ ಇದು. ಆಫ್ರಿಕದಲ್ಲಿ ಚಳಿಗಾಲ ಕಳೆಯುವ ದೊಡ್ಡ ಜೊಂಡು ಉಲಿಯಕ್ಕಿಯನ್ನು ಅಭ್ಯಸಿಸಿ 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು, ಪರದೇಶದಲ್ಲಿ ಹಾಡುವ ಈ ಜಾತಿಗಳು ಜಾಗಕ್ಕಾಗಿ ಜಗಳವಾಡುತ್ತಿಲ್ಲ, ಮುಂದಿನ ವಸಂತಕ್ಕೆ ತಾಲೀಮು ನಡೆಸುತ್ತಿರಬೇಕು ಎಂಬ ವಾದಕ್ಕೆ ಬೆಂಬಲ ನೀಡಿದೆ.

ಗುರುವಿಲ್ಲದೆ ಹಾಡಿಲ್ಲ

ಹಕ್ಕಿಗೆ ಹಾಡು ಹುಟ್ಟಿನಿಂದಲೇ ಬರುತ್ತದೆಂಬುದು ಸಾಮಾನ್ಯ ನಂಬಿಕೆ. ಕೋಗಿಲೆಯಂಥ ಕೆಲವು ಹಕ್ಕಿಗಳ ಮಟ್ಟಿಗೆ ಅದು ನಿಜ. ಉಲಿಯುವ ಸಣ್ಣ ಹಕ್ಕಿಗಳ ಬಹುದೊಡ್ಡ ಗುಂಪಿಗೆ ಅದು ಅನ್ವಯಿಸುವುದಿಲ್ಲ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಡಬ್ಲ್ಯು. ಎಚ್. ಥಾರ್ಪ್ ಅವರು 1950ರ ದಶಕದಲ್ಲಿ ಚಾಫಿಂಚ್ ಎಂಬ ಹಕ್ಕಿಯ ಮರಿಗಳನ್ನು ದೊಡ್ಡ ಹಕ್ಕಿಗಳ ಹಾಡು ಕಿವಿಗೆ ಬೀಳದಂತೆ ಸಾಕಿದರು. ಆ ಮರಿಗಳು ಬೆಳೆದು ಹಾಡಿದ್ದು ಸಪ್ಪೆಯಾದ, ಅರೆಬರೆ ಹಾಡು. ಹಿರಿಯರ ಹಾಡು ಕೇಳಿ ಬೆಳೆದವು ಮಾತ್ರ ಸರಿಯಾಗಿ ಹಾಡಿದವು. ಕಲಿಯುವುದಕ್ಕೆ ಎಳವೆಯ ಒಂದು ಅವಧಿ ಮೀಸಲಾಗಿದ್ದು, ಅದು ಮೀರಿದರೆ ಪಾಠ ಹತ್ತುವುದಿಲ್ಲ ಎಂಬುದೂ ತಿಳಿದುಬಂತು. ಥಾರ್ಪರ ಶಿಷ್ಯ ಪೀಟರ್ ಮಾರ್ಲರ್ ಮುಂದೆ ಅಮೆರಿಕದಲ್ಲಿ ಒಂದೇ ಜಾತಿಯ ಗುಬ್ಬಿಗಳು ಸೀಮೆಯಿಂದ ಸೀಮೆಗೆ ಬೇರೆ ಬೇರೆ ಧಾಟಿಯಲ್ಲಿ ಹಾಡುವುದನ್ನು ತೋರಿಸಿಕೊಟ್ಟರು. ಸಂಗೀತದವರ ಮಾತಿನಲ್ಲಿ ಹೇಳಬೇಕೆಂದರೆ ಹಕ್ಕಿಗಳಿಗೂ ಘರಾಣೆಗಳಿವೆ.

ಪ್ರವಾಸ ಹೋಗಿ ಹಾಡು ಕಲಿಯುವುದರಲ್ಲಿ ಎಲ್ಲರನ್ನೂ ಮೀರಿಸುವುದು ಮಾರ್ಷ್ ವಾರ್ಬ್ಲರ್ ಎಂಬ ಜೌಗು ಉಲಿಯಕ್ಕಿ. ಯೂರೋಪಿನಲ್ಲಿ ಮರಿ ಮಾಡಿ ಆಫ್ರಿಕದಲ್ಲಿ ಚಳಿಗಾಲ ಕಳೆಯುವ ಈ ಹಕ್ಕಿಯ ಹಾಡುಗಳನ್ನು ಬೆಲ್ಜಿಯಂನಲ್ಲಿ ದಾಖಲಿಸಿಕೊಂಡ ಫ್ರಾಂಸ್ವಾಸ್ ಡೌಸೆಟ್-ಲೆಮೇರ್ ಎಂಬ ಪಕ್ಷಿತಜ್ಞೆ 1979ರಲ್ಲಿ ಆಶ್ಚರ್ಯದ ಸಂಗತಿಯೊಂದನ್ನು ಪ್ರಕಟಿಸಿದರು. ಒಂದೊಂದು ಗಂಡು ಸರಾಸರಿ 76 ಜಾತಿಯ ಹಕ್ಕಿಗಳನ್ನು ಅನುಕರಿಸುತ್ತಿತ್ತು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆಫ್ರಿಕದ ಹಕ್ಕಿಗಳು! ಬೆಲ್ಜಿಯಂನ ಹೊಲದ ಬದುವಿನಲ್ಲಿ ಕುಳಿತು ಒಂದು ಪುಟ್ಟ ಹಕ್ಕಿ ತಾನು ಹಾದುಬಂದ ಖಂಡದ ಸದ್ದುಗಳನ್ನೆಲ್ಲ ಒಪ್ಪಿಸುತ್ತಿತ್ತು. ಕೊಪ್ಪಳದ ಬೇಲಿಗಳಲ್ಲಿ 'ಚೆಕ್' ಎನ್ನುವ ಬ್ಲೈತ್‌ನ ಜೊಂಡು ಉಲಿಯಕ್ಕಿ ಇದರ ಹತ್ತಿರದ ನಂಟ. ಅದೂ ಅನುಕರಣೆಯಲ್ಲಿ ನಿಪುಣ. ಫಿನ್ಲೆಂಡಿನ ಬೇಸಿಗೆಯ ನಸುಬೆಳಕಿನ ರಾತ್ರಿಗಳಲ್ಲಿ ಒಂದೊಂದು ಸ್ವರಗುಚ್ಛವನ್ನೂ ಹಲವು ಸಲ ತಿರುಗಿಸಿ ತಿರುಗಿಸಿ ಹಾಡುವ ಅದರ ರೀತಿ ವಿಲಂಬಿತದಲ್ಲಿ ರಾಗ ಬೆಳೆಸುವವರ ತಾಳ್ಮೆಯನ್ನು ನೆನಪಿಸುತ್ತದೆ. ಈ ಜಾತಿ ಚಳಿಗಾಲ ಕಳೆಯುವುದು ಬಹುಮಟ್ಟಿಗೆ ಭಾರತ ಉಪಖಂಡದಲ್ಲಿಯೇ. ಹಾಗೆ ನೋಡಿದರೆ ವರ್ಷದ ಹೆಚ್ಚು ಕಾಲ ಅದು ನಮ್ಮದೇ ಹಕ್ಕಿ. ಹಾಡು ಮಾತ್ರ ಪರರ ಪಾಲು.

ಸಂಗೀತಗಾರರು ಕೇಳಿದ್ದು

ಹಕ್ಕಿಯ ಹಾಡಿಗೆ ಕಿವಿಗೊಟ್ಟ ಪಾಶ್ಚಾತ್ಯ ಸಂಗೀತಗಾರರು ಅನೇಕರು. ಬೀಥೊವನ್‌ನ ಆರನೆಯ ಸಿಂಫನಿ ವಿಯೆನ್ನಾದಲ್ಲಿ ಮೊದಲ ಸಲ ಕೇಳಿಬಂದದ್ದು 1808ರ ಡಿಸೆಂಬರ್ 22ರಂದು. ಅದರ ಎರಡನೆಯ ಭಾಗದ ಕೊನೆಯಲ್ಲಿ ಕೊಳಲಿನಿಂದ ನೈಟಿಂಗೇಲ್, ಓಬೋ ವಾದ್ಯದಿಂದ ಲಾವಕ್ಕಿ, ಕ್ಲಾರಿನೆಟ್ಟಿನಿಂದ ಕುಕ್ಕೂ ಹಕ್ಕಿ ದನಿಗೊಡುತ್ತವೆ. ಇವುಗಳಲ್ಲಿ ಲಾವಕ್ಕಿ ನಮಗೆ ಅಪರಿಚಿತವಲ್ಲ. ಯೂರೋಪ್, ಮಧ್ಯ ಏಷ್ಯಾಗಳ ಆ ಜಾತಿಯೇ ಚಳಿಗಾಲದಲ್ಲಿ ದಖ್ಖಣದ ಹೊಲಗಳಿಗೂ ಬರುತ್ತದೆ. ಕಾಲಿಗೆ ತಾಗುವಷ್ಟು ಹತ್ತಿರ ಹೋದಾಗ ಬುರ್ರನೆ ಎದ್ದು ಹಾರುವ ಆ ಹಕ್ಕಿಗೆ ಸಿಂಫನಿಯಲ್ಲಿ ಸ್ಥಾನ ಸಿಕ್ಕಿದ್ದು ಅದು ಮರಿ ಮಾಡುವ ನಾಡಿನಲ್ಲಿ ಕೂಗುವ ಮೂರು ಪೆಟ್ಟಿನ ಲಯದಿಂದ.

ಮೊಜಾರ್ಟ್ 1784ರ ಮೇ 27ರಂದು ವಿಯೆನ್ನಾದಲ್ಲಿ ಒಂದು ಸ್ಟಾರ್ಲಿಂಗ್ ಹಕ್ಕಿ ಕೊಂಡ. ಅದು ನಮ್ಮ ಗುಲಾಬಿ ಕಬ್ಬಕ್ಕಿಯ ಬಳಗದ್ದು. ಆ ಹಕ್ಕಿ ಅವನ ಪಿಯಾನೊ ಕೃತಿಯೊಂದರ ರಾಗದ ಎಳೆಯನ್ನು ಹೆಚ್ಚುಕಡಿಮೆ ಹಾಗೆಯೇ ಹಾಡುತ್ತಿತ್ತು. ಒಂದೆರಡು ಕಡೆ ಮಾತ್ರ ತಪ್ಪುತ್ತಿತ್ತು. ಮೊಜಾರ್ಟ್ ತನ್ನ ಖರ್ಚಿನ ಪುಸ್ತಕದಲ್ಲಿ ಅದರ ಹಾಡನ್ನು ಸ್ವರಲಿಪಿಯಲ್ಲಿ ಬರೆದುಕೊಂಡ. ಮೂರು ವರ್ಷದ ನಂತರ ಅದು ಸತ್ತಾಗ ಶೋಕಪದ್ಯವನ್ನೂ ಬರೆದ. 20ನೇ ಶತಮಾನದ ಫ್ರೆಂಚ್ ಸಂಗೀತಗಾರ ಒಲಿವಿಯೆ ಮೆಸ್ಸಿಯಾನ್ (1908-1992) ಹಾಳೆ-ಪೆನ್ಸಿಲ್ ಹಿಡಿದು ಬೆಳಗಿನ ಜಾವ ಹೊಲಗಳಿಗೆ ಹೋಗಿ ಹಕ್ಕಿಗಳ ಹಾಡನ್ನು ನೇರವಾಗಿ ಸ್ವರಲಿಪಿಗೆ ಇಳಿಸುತ್ತಿದ್ದ. ಅದೇ ಅವನ ಪಿಯಾನೊ ಕೃತಿಗಳಿಗೆ ಸಾಮಗ್ರಿಯಾಯಿತು. ಹಕ್ಕಿಯ ಧ್ವನಿಯಂತ್ರಕ್ಕೆ ಎರಡು ಕವಲುಗಳಿದ್ದು, ಒಂದೇ ಕಾಲಕ್ಕೆ ಎರಡು ಸ್ವರ ಹೊರಡಿಸಬಲ್ಲದು. ಅದನ್ನು ಬರೆದುಕೊಳ್ಳಲು ಹೊರಟವನ ಕಷ್ಟ ಎಂಥದೆಂದು ಊಹಿಸಬಹುದು.

ಯಾವಾಗ ಹೋಗಬೇಕು?

ಪಾಶ್ಚಾತ್ಯ ಶಾಲೆಗಳ ಸಂಗೀತ ಪ್ರವಾಸಗಳು ಸಾಮಾನ್ಯವಾಗಿ ಜುಲೈ ತಿಂಗಳಲ್ಲಿ, ಅಲ್ಲಿನ ಬೇಸಿಗೆ ರಜೆಯಲ್ಲಿ ನಡೆಯುತ್ತವೆ. ಹಕ್ಕಿ ಕೇಳುವವರಿಗೆ ಇದು ತಡವಾದ ಕಾಲ. ಅಷ್ಟರಲ್ಲಿ ಮರಿಗಳು ಗೂಡು ಬಿಟ್ಟಿರುತ್ತವೆ, ದೊಡ್ಡ ಹಕ್ಕಿಗಳು ಗರಿ ಉದುರಿಸತೊಡಗಿರುತ್ತವೆ. ಯೂರೋಪಿನ ತೋಟಗಳು ಜುಲೈ ಕೊನೆಯ ಹೊತ್ತಿಗೆ ಮೌನವಾಗುತ್ತವೆ. ಅಲ್ಲಿ ಹಾಡು ತಾರಕಕ್ಕೇರುವುದು ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರಗಳವರೆಗೆ. ಮೇ ತಿಂಗಳ ಮೊದಲ ಭಾನುವಾರವನ್ನು ಅನೇಕ ದೇಶಗಳಲ್ಲಿ ಬೆಳಗಿನ ಹಕ್ಕಿಮೇಳ ಕೇಳುವ ದಿನವೆಂದು ಆಚರಿಸುತ್ತಾರೆ. ಕರ್ನಾಟಕದ ಶಾಲೆಗಳ ಬೇಸಿಗೆ ರಜೆ ಬೀಳುವುದು ಸರಿಯಾಗಿ ಇದೇ ಅವಧಿಯಲ್ಲಿ. ಕೊಪ್ಪಳದ ಹೊಲಗಳನ್ನು ಬಿಟ್ಟ ಹಕ್ಕಿಗಳು ತಮ್ಮ ಊರು ಸೇರಿ ಗಂಟಲು ತೆರೆಯುವುದೂ ಆಗಲೇ. ಪರದೇಶದ ನೆಂಟರ ಮನೆಗೆ ಹೋಗುವ ಮಗುವಾಗಲಿ ತಂಡದೊಂದಿಗೆ ಹಾಡಲು ಹೋಗುವ ವಿದ್ಯಾರ್ಥಿಯಾಗಲಿ, ಹಕ್ಕಿಗಳ ಜತೆಗೇ ಹೊರಟಂತಾಯಿತು.

ಸಂಗೀತ ಪ್ರವಾಸದಲ್ಲಿ ದಿನವೆಲ್ಲ ತಾಲೀಮು, ಬಸ್ಸು, ಕಾರ್ಯಕ್ರಮಗಳಲ್ಲಿ ಕಳೆಯುತ್ತದೆ. ಹಕ್ಕಿಗೆ ಉಳಿಯುವುದು ಬೆಳಗಿನ ಹೊತ್ತು ಒಂದೇ. ಲಂಡನ್ನಿನಲ್ಲಿ ಜೂನ್ ತಿಂಗಳಲ್ಲಿ ಗಡಿಯಾರ ಐದು ಹೊಡೆಯುವ ಮುನ್ನವೇ ಸೂರ್ಯೋದಯ. ಹಕ್ಕಿಗಳು ಅದಕ್ಕೂ ಒಂದು ಗಂಟೆ ಮೊದಲೇ ಆರಂಭಿಸುತ್ತವೆ. ತಂಗಿದ ಮನೆಯ ಕಿಟಕಿ, ಚರ್ಚಿನ ಅಂಗಳ, ಊರಿನ ಉದ್ಯಾನ ಇಷ್ಟೇ ಸಾಕು. ಬೈನಾಕ್ಯುಲರ್ ಎಂಟು ಪಟ್ಟಿನದಾದರೆ ಒಳ್ಳೆಯದು. ಅದಿಲ್ಲದೆಯೂ ಆಗುತ್ತದೆ. ಅಧ್ಯಾಪಕರಿಗೆ ಹೇಳಿಯೇ ಹೊರಗೆ ಹೋಗಬೇಕು, ಇಬ್ಬರು ಮೂವರು ಜತೆಗಿರಬೇಕು. ಗೂಡಿನ ಹತ್ತಿರ ಸುಳಿಯಬಾರದು. ಮುದ್ರಿತ ಹಾಡು ಹಾಕಿ ಹಕ್ಕಿಯನ್ನು ಸೆಳೆಯುವುದೂ ತಪ್ಪು. ಎದುರಾಳಿ ಬಂದನೆಂದು ತಿಳಿದು ಅದು ಮರಿಗಳನ್ನು ಬಿಟ್ಟು ಕಾದಾಟಕ್ಕೆ ನಿಲ್ಲುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಪ್ರಯೋಗಾಲಯ ರೂಪಿಸಿದ 'ಮರ್ಲಿನ್' ಎಂಬ ಮೊಬೈಲ್ ತಂತ್ರಾಂಶ 2021ರಿಂದ ದನಿ ಕೇಳಿ ಹಕ್ಕಿಯ ಹೆಸರು ಹೇಳುತ್ತಿದೆ. ಉಪಯುಕ್ತವೇ ಸರಿ. ಆದರೆ ಹಾರ್ಮೋನಿಯಂ ನೋಡಿ ಹಾಡುವವನಿಗೆ ಶ್ರುತಿಜ್ಞಾನ ಬರುವುದು ಹೇಗೆ ತಡವೋ ಇದೂ ಹಾಗೆಯೇ. ಮೊದಲು ಕೇಳಿ, ಕಂಡಷ್ಟು ಸ್ವರವನ್ನು ಸರಿಗಮದಲ್ಲಿಯೇ ಬರೆದುಕೊಂಡು, ಆಮೇಲೆ ಯಂತ್ರವನ್ನು ಕೇಳುವುದು ಒಳ್ಳೆಯ ಕ್ರಮ.

ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಗಂಗಾವತಿಯ ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂರುವ ಕವಲುತೋಕೆಯ ಅಂಬರಗುಬ್ಬಿಯನ್ನು ವೇಲ್ಸ್‌ನ ಹಟ್ಟಿಯಲ್ಲಿ ಕಂಡರೆ ಅದೇ ಜಾತಿ ಎನ್ನಬಹುದು, ಅದೇ ಹಕ್ಕಿ ಎನ್ನುವಂತಿಲ್ಲ. ಬ್ರಿಟನ್ನಿನವು ಚಳಿಗಾಲಕ್ಕೆ ದಕ್ಷಿಣ ಆಫ್ರಿಕಕ್ಕೆ ಹೋಗುತ್ತವೆ. ನಮ್ಮಲ್ಲಿಗೆ ಬರುವವು ಹಿಮಾಲಯ, ಮಧ್ಯ ಏಷ್ಯಾ, ಸೈಬೀರಿಯಗಳ ಕಡೆಯವು. ಒಂದೇ ವಂಶದ ಎರಡು ಕವಲು ಎಂದು ತಿಳಿದರೆ ಸಾಕು.

ಮನೆಯಲ್ಲಿಯೇ ಮೊದಲ ಪಾಠ

ಅಲ್ಲಿನ ಹಾಡು ಕೇಳಿ ಹಿಗ್ಗಬೇಕಾದರೆ ಇಲ್ಲಿನ ಮೌನ ತಿಳಿದಿರಬೇಕು. ಈ ಪಾಠಕ್ಕೆ ಪಾಸ್‌ಪೋರ್ಟ್ ಬೇಡ, ಹಣವೂ ಬೇಡ. ಕೊಪ್ಪಳ ಜಿಲ್ಲೆಯ ಹಳೆಯ ನಾಲ್ಕು ತಾಲ್ಲೂಕುಗಳೇ ನಾಲ್ಕು ತರಗತಿಗಳು.

ಗಂಗಾವತಿಯದು ನೀರಿನ ಪಾಠ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆ ಹರಿದ ಮೇಲೆ ಒಣಭೂಮಿ ಭತ್ತದ ಕಣಜವಾಯಿತು. ಕೆಸರುಗದ್ದೆಯಲ್ಲಿ ಬಾಲ ಕುಣಿಸುವ ಕುಂಡೆಕುಸ್ಕ, ಕಾಲೆತ್ತಿ ನಡೆಯುವ ಗೊರವ, ಬದುವಿನ ಹುಲ್ಲಿನೊಳಗೆ ಅಡಗುವ ನೀಲಿಕೊರಳಿನ ಬ್ಲೂಥ್ರೋಟ್ ಇಲ್ಲಿನ ಅತಿಥಿಗಳು. ಬ್ಲೂಥ್ರೋಟ್ ಇಲ್ಲಿ ಗಂಟಲಿನಲ್ಲೇ ಒಂದು ಸದ್ದು ಮಾಡಿ ಮರೆಯಾಗುತ್ತದೆ. ಅದೇ ಹಕ್ಕಿ ಸ್ಕಾಂಡಿನೇವಿಯದ ಉತ್ತರದಲ್ಲಿ ಗಿಡದ ತುದಿಗೇರಿ, ಆಕಾಶಕ್ಕೆ ಜಿಗಿದು, ಇತರ ಹಕ್ಕಿಗಳ ದನಿ ಬೆರೆಸಿ ಹಾಡುತ್ತದೆಂದರೆ ನಂಬುವುದು ಕಷ್ಟ.

ಕೊಪ್ಪಳದ್ದು ತುಂಗಭದ್ರೆಯ ಹಿನ್ನೀರಿನ ಪಾಠ. ಅದರ ಆಚೆ ದಡದ ಕಡೆ ವಿಜಯನಗರ ಜಿಲ್ಲೆಯ ಅಂಕಸಮುದ್ರ, ಪಕ್ಕದ ಗದಗ ಜಿಲ್ಲೆಯಲ್ಲಿ ಮಾಗಡಿ ಕೆರೆ ಇವೆ. ಇವೆರಡಕ್ಕೂ 2024ರಲ್ಲಿ ರಾಮ್ಸಾರ್ ತಾಣಗಳೆಂಬ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು. ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತು ಮಂಗೋಲಿಯ, ಟಿಬೆಟ್‌ಗಳಿಂದ ಹಿಮಾಲಯವನ್ನು ದಾಟಿ ಬರುವ ಹಕ್ಕಿ. ಅದು 7,290 ಮೀಟರ್ ಎತ್ತರದಲ್ಲಿ ಹಾರಿದ್ದನ್ನು ಉಪಕರಣ ಕಟ್ಟಿ ಅಳೆಯಲಾಗಿದೆ. ಅದು ಗಾಯಕನಲ್ಲ, ಆದರೆ ಪ್ರಯಾಣಿಕರಲ್ಲಿ ಅಗ್ರಗಣ್ಯ. ಕೊಪ್ಪಳ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ಪಕ್ಷಿಗಳನ್ನು ಸಲೀಂ ಅಲಿ ಅವರು ಸಮೀಕ್ಷೆ ಮಾಡಿದ್ದು 1931-32ರಲ್ಲಿ. ಗವಿಮಠ ಮತ್ತು ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳು ಪತ್ತೆಯಾದದ್ದೂ 1931ರಲ್ಲಿಯೇ. ಆ ದೊರೆ ಉತ್ತರ ಭಾರತದಲ್ಲಿ ನಿಲ್ಲಿಸಿದ ಸ್ತಂಭಶಾಸನವೊಂದರಲ್ಲಿ ಕೊಲ್ಲಬಾರದೆಂದು ಹೆಸರಿಸಿದ ಜೀವಿಗಳ ಪಟ್ಟಿಯಲ್ಲಿ ಗಿಳಿ, ಗೊರವಂಕಗಳ ಜತೆಗೆ ಚಕ್ರವಾಕ, ಹಂಸಗಳೂ ಇವೆ. ಚಕ್ರವಾಕವೂ ಉತ್ತರದಿಂದ ಚಳಿಗಾಲಕ್ಕೆ ಇಳಿದುಬರುವ ಅತಿಥಿಯೇ.

ಯಲಬುರ್ಗಾ ಮತ್ತು ಕುಷ್ಟಗಿಯದು ಒಣಭೂಮಿಯ ಪಾಠ. ಎರೆ ನೆಲದ ಜೋಳ, ಮಸಾರಿಯ ಸಜ್ಜೆ, ಕುರಿ ಮೇಯುವ ಬೋಳು ದಿನ್ನೆ, ಹುಲ್ಲುಗಾವಲು. ಕಬ್ಬಕ್ಕಿ, ಬಂಟಿಂಗ್, ಲಾವಕ್ಕಿಗಳು ಬರುವುದು ಇಲ್ಲಿಗೆ. ಹುಲ್ಲಿನ ಮೇಲೆ ತೇಲುವಂತೆ ಹಾರುತ್ತ ಇಲಿ, ಮಿಡತೆ ಹಿಡಿಯುವ ಸೆಳೆವ ಎಂಬ ಗಿಡುಗ ಬರುವುದೂ ಇಲ್ಲಿಗೇ. ಸೀತನಿ ಕಾಲದಲ್ಲಿ ಮಂಚಿಕೆ ಏರಿ ಕವಣೆ ಬೀಸುವ ರೈತನಿಗೆ ಕಬ್ಬಕ್ಕಿ ಶತ್ರು. ಅದರ ತವರಿನ ಕಥೆ ಬೇರೆ. ಚೀನಾದ ಷಿನ್‌ಜಿಯಾಂಗ್ ಪ್ರಾಂತದಲ್ಲಿ ಮಿಡತೆಗಳನ್ನು ತಿಂದು ಹುಲ್ಲುಗಾವಲು ಉಳಿಸಲೆಂದು ಇದೇ ಹಕ್ಕಿಗೆ ಗೂಡುಕಟ್ಟಲು ಕಲ್ಲಿನ ರಾಶಿಗಳನ್ನು ಪೇರಿಸಿಡುತ್ತಾರೆ. ಒಬ್ಬರು ಅಟ್ಟುವ ಹಕ್ಕಿಯನ್ನು ಇನ್ನೊಬ್ಬರು ಕರೆಯುತ್ತಾರೆ.

ಬೀಳು ಎಂಬ ಹೆಸರು

ಈ ನಾಲ್ಕು ತರಗತಿಗಳಲ್ಲಿ ಕೊನೆಯದಕ್ಕೆ ಈಗ ಕುತ್ತು ಬಂದಿದೆ. ಕೆರೆಗೆ ಮನ್ನಣೆ ಸಿಗುತ್ತದೆ, ಕಾಡಿಗೆ ಕಾನೂನಿದೆ. ಹುಲ್ಲುಗಾವಲಿಗೆ ಮಾತ್ರ ಸರ್ಕಾರಿ ಕಡತಗಳಲ್ಲಿ ಹೆಚ್ಚಾಗಿ ಸಿಗುವ ಹೆಸರು 'ಬೀಳು'. ಉಪಯೋಗಕ್ಕೆ ಬಾರದ ನೆಲವೆಂದು ಎಣಿಸಿದ ಮೇಲೆ ಅದನ್ನು ಉಪಯೋಗಕ್ಕೆ ತರುವವರು ಬಂದೇ ಬರುತ್ತಾರೆ. ಯಲಬುರ್ಗಾ, ಕುಷ್ಟಗಿಗಳ ದಿನ್ನೆಗಳ ಮೇಲೆ ಗಾಳಿಯಂತ್ರಗಳು ಎದ್ದಿವೆ. ಜೋಳದ ಎಷ್ಟೋ ಹೊಲಗಳು ಮೆಕ್ಕೆಜೋಳಕ್ಕೆ ತಿರುಗಿವೆ. ವಿದ್ಯುತ್ತೂ ಬೇಕು, ರೈತನ ಕೈಗೆ ದುಡ್ಡೂ ಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾವ ದಿನ್ನೆಯ ಮೇಲೆ ಯಾವ ಹಕ್ಕಿ ರಾತ್ರಿ ತಂಗುತ್ತದೆ ಎಂಬುದನ್ನು ಯಾರೂ ಬರೆದಿಡದೆ ಇದ್ದರೆ, ಯಂತ್ರ ನೆಡುವವರು ಬೇರೆ ಜಾಗ ಆರಿಸಿಕೊಳ್ಳಿ ಎಂದು ಕೇಳುವುದಕ್ಕೂ ಆಧಾರವಿರುವುದಿಲ್ಲ.

ಹಾಡುವ ಹಕ್ಕಿಯ ಪರವಾಗಿ ಮಾತಾಡುವವರು ಎಲ್ಲೆಡೆ ಸಿಗುತ್ತಾರೆ. ಮೌನವಾಗಿ ಬಂದು ಹೋಗುವ ಹಕ್ಕಿಯ ಪರವಾಗಿ ಮಾತಾಡುವವರು ಕಡಿಮೆ. ಫಿನ್ಲೆಂಡಿನ ಒಂದು ತೋಟ ಜೂನ್ ತಿಂಗಳಲ್ಲಿ ಮೂಕವಾದರೆ ಅದಕ್ಕೆ ಕಾರಣ ಅಲ್ಲಿಯೇ ಇರಬೇಕೆಂದಿಲ್ಲ. ಸಾವಿರಾರು ಕಿ.ಮೀ. ದೂರದ ಒಂದು ಬೇಲಿ, ಒಂದು ಬದು, ಒಂದು ದಿನ್ನೆ ಇಲ್ಲವಾದದ್ದೂ ಕಾರಣವಾಗಬಹುದು. ಪರದೇಶದಲ್ಲಿ ಆ ಹಾಡು ಕೇಳಿ ಬಂದ ವಿದ್ಯಾರ್ಥಿಗೆ ಇದು ಬೇರೆಯವರು ಹೇಳದೆಯೇ ತಿಳಿಯುತ್ತದೆ. ಇಂಥ ಪ್ರವಾಸದಿಂದ ಊರಿಗೆ ಆಗುವ ದೊಡ್ಡ ಲಾಭವೂ ಇದೇ.

ಪ್ರವಾಸ ಮುಗಿಸಿ ಶಾಲೆ ತೆರೆಯುವ ಜೂನ್ ಹೊತ್ತಿಗೆ ಮರಳುವವರಿಗೆ ಇನ್ನೊಂದು ಕಛೇರಿ ಕಾದಿರುತ್ತದೆ. ಅತಿಥಿಗಳೆಲ್ಲ ಹೋದ ಮೇಲೆ ಈ ನೆಲದ ಹಕ್ಕಿಗಳ ಸರದಿ ಬರುತ್ತದೆ. ಮೊದಲ ಮಳೆಗೆ ಕುಷ್ಟಗಿಯ ದಿನ್ನೆಗಳು ಹಸಿರಾಡುವಾಗ ಮಣ್ಣಿನ ಬಣ್ಣದ ನೆಲಗುಬ್ಬಿ ಆಕಾಶಕ್ಕೇರಿ, ಅಲ್ಲಿಯೇ ರೆಕ್ಕೆ ಬಡಿಯುತ್ತ ಹಾಡಿ, ಸಿಳ್ಳೆ ಹಾಕುತ್ತ ಇಳಿಯುತ್ತದೆ. ಅದನ್ನು ಕೇಳಲು ಅಲ್ಲಿರುವವರು ಹೆಚ್ಚಾಗಿ ಕುರಿ ಕಾಯುವವರು ಮಾತ್ರ.